ಕಡಲಿಗೆ ಇಳಿಯುವ ಮುಂಚೆ ಹೊರಬರುವ ದಾರಿ ನೋಡಿಕೊಳ್ಳಿ

1993ರ ಮಾರ್ಚ್ 22. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಊರಿನಿಂದ ಎಂಟು ಮಂದಿ ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು, ಇಬ್ಬರು ಬೋಧಕರು ಕಯಾಕ್ ಎಂಬ ಕಿರಿದಾದ ಪುಟ್ಟ ಹುಟ್ಟುದೋಣಿಗಳಲ್ಲಿ ಹೊರಟರು. ಹೋಗಬೇಕಿದ್ದುದು ಪಕ್ಕದ ಊರಿಗೆ. ದೂರ ಸುಮಾರು ಮೂರು ಕಿಲೋಮೀಟರ್, ಅಷ್ಟೇ. ಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಶಿಕ್ಷಕರ ಕಯಾಕ್ ಮಗುಚಿತು. ಒಬ್ಬ ಬೋಧಕರು ಅವರ ಸಹಾಯಕ್ಕೆ ನಿಂತರು. ಉಳಿದ ಗುಂಪು ಗಾಳಿಯ ಜೊತೆ ತೇಲುತ್ತಾ ಹೊರಗಡಲಿಗೆ ಹೋಯಿತು. ಅಲ್ಲಿ ಅಲೆ ದೊಡ್ಡದು. ಒಂದೊಂದಾಗಿ ಕಯಾಕ್‌ಗಳಿಗೆ ನೀರು ತುಂಬಿತು. ಗುಂಪು ತಲುಪಿಲ್ಲ ಅನ್ನುವ ಸುದ್ದಿ ರಕ್ಷಣಾ ಪಡೆಗೆ ಮುಟ್ಟಿದ್ದು ಗಂಟೆಗಟ್ಟಲೆ ತಡವಾಗಿ. ತಣ್ಣೀರಿನಲ್ಲಿ ಸಿಕ್ಕಿಕೊಂಡ ನಾಲ್ವರು ಹದಿಹರೆಯದವರು ತೀರಿಕೊಂಡರು.

ಆ ಚಟುವಟಿಕೆ ನಡೆಸಿದ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಸುರಕ್ಷತೆ ಸಾಲದು ಎಂದು ಅಲ್ಲಿ ಮುಂಚೆ ಕೆಲಸ ಮಾಡಿದ್ದವರು ಪತ್ರ ಬರೆದು ಎಚ್ಚರಿಸಿದ್ದರು ಅನ್ನುವುದೂ ವಿಚಾರಣೆಯಲ್ಲಿ ಹೊರಬಂತು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಕಾನೂನೇ ಬಂತು. ಮಕ್ಕಳಿಗಾಗಿ ಇಂಥ ಸಾಹಸ ಚಟುವಟಿಕೆ ನಡೆಸುವವರಿಗೆ ಪರವಾನಗಿ ಕಡ್ಡಾಯವಾಯಿತು.

ಈ ಕಥೆಯಲ್ಲಿ ಬಿರುಗಾಳಿ ಇಲ್ಲ, ಶಾರ್ಕ್ ಇಲ್ಲ. ಇದ್ದಿದ್ದು ಒಂದು ಕೊರತೆ. ಕೆಲಸ ಕೆಟ್ಟರೆ ವಾಪಸ್ ಬರುವುದು ಹೇಗೆ ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕಯಾಕಿಂಗ್, ಬಾಯಲ್ಲಿ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡುವ ಸ್ನಾರ್ಕೆಲಿಂಗ್, ಸರ್ಫಿಂಗ್, ಬಂಡೆಗಳನ್ನು ಏರಿಳಿಯುತ್ತಾ ನೀರಿಗೆ ಹಾರುತ್ತಾ ಸಾಗುವ ಕೋಸ್ಟೀರಿಂಗ್, ದೋಣಿಯಲ್ಲಿ ಡಾಲ್ಫಿನ್ ನೋಡಲು ಹೋಗುವುದು ಎಲ್ಲಕ್ಕೂ ಈ ಪ್ರಶ್ನೆ ಒಂದೇ. ಹೊರಬರುವ ದಾರಿ ಎಲ್ಲಿದೆ? ಇದನ್ನು ಎರಡು ಸಲ ಕೇಳಬೇಕು. ಒಮ್ಮೆ ನಮ್ಮ ಜೊತೆ ಬಂದವರ ಪರವಾಗಿ. ಇನ್ನೊಮ್ಮೆ ಅಲ್ಲೇ ಬದುಕುವ ಪ್ರಾಣಿಗಳ ಪರವಾಗಿ. ಸುರಕ್ಷತೆ ಒಂದು ಪಟ್ಟಿ, ವನ್ಯಜೀವಿ ಇನ್ನೊಂದು ಪಟ್ಟಿ ಅಂತ ಬೇರೆ ಬೇರೆ ಇಟ್ಟುಕೊಂಡವರು ಎರಡರಲ್ಲೂ ಎಡವುತ್ತಾರೆ ಅನ್ನುವುದು ನನ್ನ ಅನಿಸಿಕೆ. ಯಾಕೆ ಅಂತ ನೋಡೋಣ.

ಕಡಲಿನ ಗಡಿಯಾರ

ಬೆಳಿಗ್ಗೆ ಹತ್ತಕ್ಕೆ ಇದ್ದ ದಾರಿ ಮಧ್ಯಾಹ್ನ ಒಂದಕ್ಕೆ ಇರುವುದಿಲ್ಲ. ಕಡಲ ಸಾಹಸದ ಮೊದಲ ಪಾಠ ಇದು.

ಬಹುತೇಕ ಕರಾವಳಿಗಳಲ್ಲಿ ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಕೆಲವು ಕಡೆ ದಿನಕ್ಕೆ ಒಂದೊಂದೇ. ಎರಡು ಸಲ ಬರುವ ಕಡೆ ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ ಹಿಡಿಯುತ್ತದೆ. ಆದರೆ ಆ ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಅನುಭವಿಗಳು ಬಳಸುವ ಒಂದು ಅಂದಾಜು ಲೆಕ್ಕ ಇದೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ 2, ಕೊನೆಗೆ 1.

ಏರಿಳಿತ 6 ಮೀಟರ್ ಇರುವ ಒಂದು ಕೊಲ್ಲಿ ಅಂದುಕೊಳ್ಳಿ. ಮೊದಲ ಗಂಟೆ ಅರ್ಧ ಮೀಟರ್ ಮಾತ್ರ ಏರುತ್ತದೆ. 'ಇನ್ನೂ ಟೈಮ್ ಇದೆ' ಅನ್ನಿಸುತ್ತದೆ. ಮೂರನೇ ಗಂಟೆ ಒಂದೇ ತಾಸಿನಲ್ಲಿ ಒಂದೂವರೆ ಮೀಟರ್ ಏರುತ್ತದೆ. ನಡೆದು ಬಂದ ಮರಳ ಪಟ್ಟಿ ಅಷ್ಟರಲ್ಲಿ ಮುಳುಗಿರುತ್ತದೆ. ಹಿಂದೆ ಕಡಿದಾದ ಬಂಡೆ, ಮುಂದೆ ನೀರು. ಕರಾವಳಿಯಲ್ಲಿ ಜನ ಸಿಕ್ಕಿಬೀಳುವ ಅತಿ ಸಾಮಾನ್ಯ ರೀತಿ ಇದು.

ಅಮಾವಾಸ್ಯೆ, ಹುಣ್ಣಿಮೆಗಳ ಹಿಂದೆಮುಂದೆ ಏರಿಳಿತ ಜಾಸ್ತಿ. ಅಷ್ಟಮಿಯ ಆಸುಪಾಸು ಕಡಿಮೆ. ಜಾಸ್ತಿ ನೀರು ಅಷ್ಟೇ ಸಮಯದಲ್ಲಿ ಓಡಾಡಬೇಕು ಅಂದರೆ ಪ್ರವಾಹವೂ ಜೋರಾಗಿರುತ್ತದೆ. ಹೋದ ವಾರ ಆರಾಮಾಗಿ ದಾಟಿದ ಕಿರಿದಾದ ಜಲಮಾರ್ಗ ಈ ವಾರ ಹೊಳೆಯ ಹಾಗೆ ಹರಿಯುತ್ತಿರಬಹುದು. ಹೀಗಾಗಿ 'ಈ ಜಾಗ ಸುರಕ್ಷಿತ' ಅನ್ನುವ ಮಾತಿಗೆ ಅರ್ಥವಿಲ್ಲ. ಈ ಜಾಗ, ಈ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅಂತ ಹೇಳಬೇಕು.

ಅಲೆಯ ಸರಾಸರಿ ನಂಬಬೇಡಿ

ಹವಾಮಾನ ಮುನ್ಸೂಚನೆಯಲ್ಲಿ 'ಅಲೆ 1 ಮೀಟರ್' ಅಂತ ಬರೆದಿರುತ್ತದೆ. ಎಲ್ಲ ಅಲೆಯೂ 1 ಮೀಟರ್ ಅಂತ ಅದರ ಅರ್ಥ ಅಲ್ಲ. ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳನ್ನು ತೆಗೆದುಕೊಂಡು, ಅವುಗಳ ಸರಾಸರಿ ಕಟ್ಟಿ ಆ ಅಂಕಿ ಕೊಡುತ್ತಾರೆ. ಲೆಕ್ಕದ ಪ್ರಕಾರ ಸಾವಿರ ಅಲೆಗಳಲ್ಲಿ ಒಂದಾದರೂ ಹತ್ತಿರ ಹತ್ತಿರ ಅದರ ಎರಡರಷ್ಟು ಎತ್ತರ ಇರುತ್ತದೆ. ಹತ್ತು ಸೆಕೆಂಡಿಗೊಂದು ಅಲೆ ಬಂದರೆ ಸಾವಿರ ಅಲೆ ಮೂರು ಗಂಟೆಯೊಳಗೆ ಬಂದುಹೋಗುತ್ತವೆ. ಒಂದು ಪ್ರವಾಸದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಅಂದರೆ ದಿನದ ದೊಡ್ಡ ಅಲೆ ನಿಮ್ಮ ಗುಂಪು ಬಂಡೆಯ ಮೇಲೆ ನಿಂತಿರುವಾಗಲೇ ಬರಬಹುದು. ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟು.

ಎತ್ತರದ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಎಷ್ಟು ಸೆಕೆಂಡಿಗೊಂದು ಅಲೆ ಅನ್ನುವುದು. ಹೊಸಬರು ಇದನ್ನು ನೋಡುವುದೇ ಇಲ್ಲ. 6 ಸೆಕೆಂಡಿಗೊಂದರಂತೆ ಬರುವ ಅಲೆ ಇಲ್ಲೇ ಹತ್ತಿರದ ಗಾಳಿ ಎಬ್ಬಿಸಿದ್ದು. ಆಳದ ನೀರಿನಲ್ಲಿ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಅದರ ಉದ್ದ ಸುಮಾರು 56 ಮೀಟರ್. 16 ಸೆಕೆಂಡಿನ ಅಲೆ ಎಲ್ಲೋ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಬಂದಿದ್ದು. ಅದರ ಉದ್ದ ಸುಮಾರು 400 ಮೀಟರ್. ಎರಡೂ ಒಂದೇ ಎತ್ತರ ಇದ್ದರೂ, ಉದ್ದದ ಅಲೆ ಜಾಸ್ತಿ ಶಕ್ತಿ ಹೊತ್ತು ತರುತ್ತದೆ, ದಡ ಮುಟ್ಟುವಾಗ ಜಾಸ್ತಿ ಎದ್ದು ನಿಲ್ಲುತ್ತದೆ. ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ. ಇದ್ದಕ್ಕಿದ್ದ ಹಾಗೆ ಬಂಡೆಯ ಮೇಲೆ ನೀರು ನುಗ್ಗುತ್ತದೆ.

ಇಂಥ ಅಲೆಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಮಧ್ಯೆ ಹತ್ತು ನಿಮಿಷ ಕಡಲು ಸುಮ್ಮನಿರಬಹುದು. ಆ ಹತ್ತು ನಿಮಿಷದಲ್ಲಿ ಬಂದು ನೋಡಿದವರಿಗೆ ಕಡಲು ಶಾಂತ. ಹಾಗಾಗಿ ಒಳ್ಳೆಯ ಗೈಡ್ ದಡಕ್ಕೆ ಬಂದ ಕೂಡಲೇ ಸಾಮಾನು ಇಳಿಸುವುದಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ನಿಂತು ನೋಡುತ್ತಾರೆ. ಯಾವ ಬಂಡೆ ಒದ್ದೆಯಾಗಿದೆ, ಯಾವುದು ಒಣಗಿದೆ? ನೊರೆ ಎಲ್ಲಿಗೆ ಹೋಗುತ್ತಿದೆ? ಗುಹೆಯ ಒಳಗೆ ನೀರು ಎಷ್ಟು ಏರಿ ಇಳಿಯುತ್ತಿದೆ? ಗಿರಾಕಿಗಳಿಗೆ ಇದು ಬೇಜಾರಿನ ಸಮಯ. ಆದರೆ ಇಡೀ ದಿನದಲ್ಲಿ ಗೈಡ್ ಮಾಡುವ ಅತಿ ಮುಖ್ಯ ಕೆಲಸ ಅದೇ ಇರಬಹುದು. ಪ್ರಾಣಿಗಳು ಎಲ್ಲಿವೆ ಅನ್ನುವುದೂ ಇದೇ ಇಪ್ಪತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಶಾಂತವಾಗಿ ಕಾಣುವ ಜಾಗ, ಹಿತವಾಗಿ ಬೀಸುವ ಗಾಳಿ

ದಡದತ್ತ ಬಂದ ನೀರು ಎಲ್ಲಿಂದಾದರೂ ವಾಪಸ್ ಹೋಗಲೇಬೇಕು. ಮರಳ ದಿಣ್ಣೆಗಳ ನಡುವಿನ ಆಳದ ಸಂದಿಯಲ್ಲಿ ಅದು ಹೊಳೆಯ ಹಾಗೆ ಹೊರಗೆ ಓಡುತ್ತದೆ. ಇದೇ ಸೆಳೆತ. ಅಲ್ಲಿ ನೀರು ಆಳವಾದ್ದರಿಂದ ಅಲೆ ಒಡೆಯುವುದಿಲ್ಲ. ಎರಡೂ ಕಡೆ ಬಿಳಿ ನೊರೆ, ನಡುವೆ ಸಮತಟ್ಟಾದ ಕಪ್ಪು ಪಟ್ಟಿ. ಈಜು ಬಾರದವರು ಆರಿಸಿಕೊಳ್ಳುವುದು ಅದೇ ಪಟ್ಟಿಯನ್ನು, ಯಾಕೆಂದರೆ ಅಲೆ ಇಲ್ಲದ ಜಾಗ ಅದೊಂದೇ! ಜೋರಿದ್ದಾಗ ಸೆಳೆತ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. 100 ಮೀಟರ್ ಈಜುವ ಒಲಿಂಪಿಕ್ ಚಾಂಪಿಯನ್ ವೇಗವೂ ಸುಮಾರಾಗಿ ಅಷ್ಟೇ. ಅದರ ಎದುರು ಈಜಿ ಗೆಲ್ಲುವುದು ಆಗದ ಮಾತು. ತೇಲಬೇಕು, ಕೈ ಎತ್ತಿ ಕರೆಯಬೇಕು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

ದಡದಿಂದ ಕಡಲಿಗೆ ಬೀಸುವ ಗಾಳಿಯ ಮೋಸವೂ ಇಂಥದ್ದೇ. ದಡದ ಹತ್ತಿರ ನೀರು ಕನ್ನಡಿಯ ಹಾಗೆ ಇರುತ್ತದೆ. ಗಾಳಿ ತುಂಬಿದ ಪ್ಯಾಡಲ್ ಬೋರ್ಡ್ ಮೇಲೆ ನೆಟ್ಟಗೆ ನಿಂತವರ ಮೈಯೇ ಪಟದ ಹಾಗೆ ಗಾಳಿ ಹಿಡಿಯುತ್ತದೆ. ಹೊರಗೆ ಹೋದಷ್ಟೂ ಗಾಳಿ ಜೋರು, ಅಲೆ ದೊಡ್ಡದು, ದಡ ದೂರ. ಅಂಥ ಗಾಳಿಯಿದ್ದ ದಿನ ಹೊಸಬರನ್ನು ಇಳಿಸದಿರುವುದೇ ಸರಿ. ಇಳಿದಿದ್ದರೆ, ಬೋರ್ಡ್ ಬಿಟ್ಟು ಈಜಬಾರದು. ಹೊಟ್ಟೆಯ ಮೇಲೆ ಮಲಗಿ ಕೈಯಿಂದ ಹುಟ್ಟು ಹಾಕಬೇಕು. ನಿಂತಿದ್ದಾಗ ಹಿಡಿದ ಗಾಳಿ ಮಲಗಿದಾಗ ಅಷ್ಟು ಹಿಡಿಯುವುದಿಲ್ಲ.

ಮೈ ಏನು ಮಾಡುತ್ತದೆ

'ನೀರಿಗೆ ಇಳಿದ ಮೇಲೆ ಚಳಿಯೇನು, ಮಳೆಯೇನು' ಅಂತ ಗಾದೆ. ತಣ್ಣನೆಯ ಕಡಲಿನಲ್ಲಿ ಈ ಗಾದೆ ಉಲ್ಟಾ ಹೊಡೆಯುತ್ತದೆ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ, ಬಿದ್ದ ಕೂಡಲೇ ಬಾಯಿ ತಾನಾಗಿ ತೆರೆದು ದೊಡ್ಡ ಉಸಿರು ಒಳಗೆ ಹೋಗುತ್ತದೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರು. ಆಮೇಲೆ ಏದುಸಿರು, ಎದೆ ಡವಡವ. ಕೆನಡಾದ ಶರೀರ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಅಂತ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವಷ್ಟು ಮೈ ತಣ್ಣಗಾಗಲು ಸುಮಾರು 1 ಗಂಟೆ. ಇದು ಕೊರೆಯುವ ನೀರಿನ ಲೆಕ್ಕ. ತಣ್ಣಗಾಗಿ ಸಾಯುವ ಮೊದಲೇ ಜನ ಮುಳುಗಿ ಸಾಯುತ್ತಾರೆ, ಅದೂ ಎಷ್ಟೋ ಸಲ ಮೊದಲ ನಿಮಿಷದಲ್ಲೇ, ಅನ್ನುವುದು ಇದರ ತಿರುಳು. ಲೈಫ್ ಜಾಕೆಟ್ ಹಾಕಿಕೊಂಡವರಿಗೆ ಆ ಒಂದು ನಿಮಿಷ ದಾಟಿಬಿಡುತ್ತದೆ.

ಜಾಕೆಟ್ ಅಂದರೆ ಎಲ್ಲವೂ ಒಂದೇ ಅಲ್ಲ. ತೇಲಿಸುವ ಬಲವನ್ನು ನ್ಯೂಟನ್‌ಗಳಲ್ಲಿ ಅದರ ಮೇಲೇ ಬರೆದಿರುತ್ತಾರೆ. ಕಯಾಕ್‌ನವರು ಹಾಕುವ 50 ನ್ಯೂಟನ್‌ನದ್ದು ಪ್ರಜ್ಞೆ ಇರುವ, ಈಜು ಬರುವವರಿಗೆ ಆಸರೆ ಅಷ್ಟೇ. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸುವ ಭರವಸೆ ಬೇಕಾದರೆ 150 ನ್ಯೂಟನ್‌ನದ್ದು ಬೇಕು. ಆದರೆ ಅದು ದಪ್ಪ, ಹುಟ್ಟು ಹಾಕಲು ಅಡ್ಡಿ. ಯಾವ ಕೆಲಸಕ್ಕೆ ಯಾವುದು ಅಂತ ಯೋಚಿಸಿ ಕೊಡಬೇಕು. ಸಡಿಲವಾಗಿ ಹಾಕಿದ್ದು ಯಾವ ಬಲದ್ದಾದರೂ ಒಂದೇ, ನೀರಿನಲ್ಲಿ ಅದು ಕಿವಿಯ ಮಟ್ಟಕ್ಕೆ ಏರಿ ಮೈ ಕೆಳಗೇ ಉಳಿಯುತ್ತದೆ.

ಬೆಚ್ಚನೆಯ, ತಿಳಿ ನೀರಿನಲ್ಲಿ ಅಪಾಯ ಬೇರೆ ಥರ. ಸ್ನಾರ್ಕೆಲ್ ಮಾಡುವವರು ಕೆಳಗೆ ಮುಳುಗುವ ಮುಂಚೆ ಬೇಗ ಬೇಗ ಉಸಿರಾಡುತ್ತಾರೆ, ಜಾಸ್ತಿ ಹೊತ್ತು ತಡೆಯಬಹುದು ಅಂತ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. 'ಉಸಿರಾಡು' ಅಂತ ಮೈ ಕೂಗುವುದು ಮುಖ್ಯವಾಗಿ ಆ ಡೈಆಕ್ಸೈಡ್‌ನಿಂದ. ಕೂಗು ಬರುವ ಮುಂಚೆಯೇ ಆಮ್ಲಜನಕ ತೀರಿ ಪ್ರಜ್ಞೆ ಹೋಗುತ್ತದೆ. ಒದ್ದಾಟ ಇಲ್ಲ, ಸದ್ದು ಇಲ್ಲ. ಮುಳುಗುತ್ತಿರುವವರು ಸಿನಿಮಾದ ಹಾಗೆ ಕೈ ಬೀಸಿ ಕಿರುಚುವುದು ಅಪರೂಪ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಎಲ್ಲಿಂದ? ಹಾಗಾಗಿ ಕಾಯುವವರ ಕಣ್ಣು ಗಲಾಟೆ ಮಾಡುವವರ ಮೇಲೆ ಅಲ್ಲ, ಸುಮ್ಮನಾದವರ ಮೇಲೆ ಇರಬೇಕು. ಸಿಲಿಂಡರಿನ ಗಾಳಿ ಉಸಿರಾಡುತ್ತಾ ಮುಳುಗುವ ಸ್ಕೂಬಾದಲ್ಲಂತೂ 10 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಹಿಗ್ಗಿ ಎರಡರಷ್ಟಾಗುತ್ತದೆ. ಉಸಿರು ಕಟ್ಟಿ ಮೇಲೆ ಬರಬಾರದು ಅನ್ನುವುದಕ್ಕೆ ಕಾರಣ ಅದು.

ಸುಮ್ಮನಿದೆ ಅಂದರೆ ಒಪ್ಪಿದೆ ಅಂತಲ್ಲ

ಸುಮ್ಮನಾಗುವುದು ಎಚ್ಚರಿಕೆಯ ಸೂಚನೆ ಅನ್ನುವ ಮಾತು ಪ್ರಾಣಿಗಳಿಗೂ ಹೊಂದುತ್ತದೆ. 'ನಾವು ಹತ್ತಿರ ಹೋದರೂ ಅದು ಓಡಲಿಲ್ಲ, ಅದಕ್ಕೆ ಅಭ್ಯಾಸ ಆಗಿದೆ' ಅನ್ನುವ ಮಾತು ದೋಣಿಗಳಲ್ಲಿ ಬಹಳ ಕೇಳಿಬರುತ್ತದೆ. ನಿಜ ಇರಬಹುದು. ಇಲ್ಲದೆಯೂ ಇರಬಹುದು.

ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತಿಟ್ಟು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಲ್ಲಿ ಡಾಲ್ಫಿನ್ ತೋರಿಸುವ ಸಂಸ್ಥೆ ಮೊದಲು ಒಂದಿತ್ತು, ಆಮೇಲೆ ಎರಡಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡಾದ ಮೇಲೆ ದೋಣಿಗಳು ಓಡಾಡುವ ಜಾಗದಲ್ಲಿ ಡಾಲ್ಫಿನ್ ಸಂಖ್ಯೆ ಸುಮಾರು ಶೇ 15ರಷ್ಟು ಕುಸಿಯಿತು. ಹತ್ತಿರದ, ಪ್ರವಾಸಿ ದೋಣಿ ಇಲ್ಲದ ಜಾಗದಲ್ಲಿ ಇಂಥ ಕುಸಿತ ಕಾಣಲಿಲ್ಲ. ದೋಣಿ ಕಂಡರೆ ಆಗದ ಡಾಲ್ಫಿನ್‌ಗಳು ಜಾಗ ಬಿಟ್ಟು ಹೋಗಿದ್ದವು ಅನ್ನುವುದು ಸಂಶೋಧಕರ ವಿವರಣೆ. ಉಳಿದವು ಸಹಿಸಿಕೊಳ್ಳುವಂಥವು. ದೋಣಿಯ ಮೇಲೆ ನಿಂತವರಿಗೆ ಕಂಡಿದ್ದು ಆ ಉಳಿದವು ಮಾತ್ರ, 'ಎಷ್ಟು ಒಗ್ಗಿಕೊಂಡಿವೆ ನೋಡಿ' ಅಂತ! ಇದಾದ ಮೇಲೆ ಅಲ್ಲಿನ ಸರ್ಕಾರ ಪರವಾನಗಿಗಳನ್ನು ಎರಡರಿಂದ ಒಂದಕ್ಕೆ ಇಳಿಸಿತು. ಹೋದವು ಕಾಣುವುದಿಲ್ಲ ಅನ್ನುವುದೇ ಈ ವಿಷಯದ ಕಷ್ಟ.

ಹೋಗಲು ಜಾಗ ಇಲ್ಲದ ಪ್ರಾಣಿಗಳ ಕಥೆ ಇನ್ನೂ ಕಷ್ಟ. ದಡಕ್ಕೆ ಬಂದು ಮರಿ ಹಾಕುವ ಕಡಲ ಸಸ್ತನಿ ಬೂದು ಸೀಲ್. ಅದರ ಮರಿಗೆ ತಾಯಿ ಹಾಲು ಕೊಡುವುದು ಹದಿನೆಂಟು ದಿನದ ಆಸುಪಾಸು, ಅಷ್ಟೇ. ಅಷ್ಟರಲ್ಲಿ ಮರಿಯ ತೂಕ ಮೂರರಷ್ಟಾಗುತ್ತದೆ. ತಾಯಿ ಆ ದಿನಗಳಲ್ಲಿ ಏನೂ ತಿನ್ನುವುದಿಲ್ಲ. ಹಾಲಿನ ಅರ್ಧಕ್ಕಿಂತ ಜಾಸ್ತಿ ಕೊಬ್ಬು. ಕಯಾಕ್ ಗುಂಪೊಂದು ಫೋಟೋಗಾಗಿ ಹತ್ತಿರ ಹೋದಾಗ ತಾಯಿ ನೀರಿಗೆ ಜಾರಿದರೆ, ಹದಿನೆಂಟು ದಿನದ ಲೆಕ್ಕದಲ್ಲಿ ಆ ಒಂದು ಗಂಟೆ ಸಣ್ಣದಲ್ಲ. ಗುಂಪಾಗಿ ಸೀಲ್‌ಗಳು ಬೆದರಿ ಓಡಿದರೆ ಮರಿಗಳು ಅಡಿಗೆ ಸಿಕ್ಕಿ ಜಜ್ಜಿಹೋಗುವುದೂ ಉಂಟು.

ಗಿಲ್ಲೆಮಾಟ್ ಎಂಬ ಕಡಲಹಕ್ಕಿ ಗೂಡೇ ಕಟ್ಟುವುದಿಲ್ಲ. ಕಡಿದಾದ ಬಂಡೆಯ ಕಿರಿದಾದ ಅಂಚಿನಲ್ಲಿ ಒಂದೇ ಒಂದು ಮೊಟ್ಟೆ ಇಟ್ಟು ಕಾಲಿನ ಮೇಲೆ ಹೊತ್ತು ಕೂರುತ್ತದೆ. ಕೆಳಗೆ ಯಾರೋ ಹೋ ಎಂದು ಕೂಗಿ ನೀರಿಗೆ ಹಾರಿದರು ಅಂದುಕೊಳ್ಳಿ. ಹಕ್ಕಿ ಗಾಬರಿಯಿಂದ ಎದ್ದರೆ ಮೊಟ್ಟೆ ಉರುಳುತ್ತದೆ. ಉರುಳದಿದ್ದರೆ ಕಾಯುತ್ತಿದ್ದ ಗಲ್ ಹಕ್ಕಿಗೆ ಊಟ.

ಸ್ಪಿನ್ನರ್ ಡಾಲ್ಫಿನ್‌ಗಳದ್ದು ರಾತ್ರಿ ಪಾಳಿ. ರಾತ್ರಿಯೆಲ್ಲ ಆಳಗಡಲಿನಲ್ಲಿ ಬೇಟೆ, ಹಗಲು ತಿಳಿ ನೀರಿನ ಕೊಲ್ಲಿಯಲ್ಲಿ ನಿದ್ದೆ. ನಿದ್ದೆಯಲ್ಲೂ ಅವು ನಿಧಾನವಾಗಿ ಈಜುತ್ತಿರುತ್ತವೆ. ಹಾಗಾಗಿ ನೋಡುವವರಿಗೆ ಅವು ಮಲಗಿವೆ ಅಂತ ಗೊತ್ತಾಗುವುದಿಲ್ಲ. ಹವಾಯಿಯಲ್ಲಿ 'ಡಾಲ್ಫಿನ್ ಜೊತೆ ಈಜು' ನಡೆಯುತ್ತಿದ್ದುದು ಸರಿಯಾಗಿ ಅವು ಮಲಗುವ ಹೊತ್ತಿಗೆ. ರಾತ್ರಿ ಪಾಳಿ ಮುಗಿಸಿ ಮಲಗಿದವರ ಕೋಣೆಗೆ ದಿನಾ ಮೆರವಣಿಗೆ ಹೋದ ಹಾಗೆ. 2021ರ ಅಕ್ಟೋಬರ್‌ನಿಂದ ಅಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳಿಂದ 50 ಗಜ, ಅಂದರೆ ಸುಮಾರು 45 ಮೀಟರ್ ಒಳಗೆ ಹೋಗುವಂತಿಲ್ಲ. ಈಜುವವರಿಗೂ ಅದೇ ನಿಯಮ.

ಒಂದು ಸಲದ ತೊಂದರೆ ಪ್ರಾಣಿಯನ್ನು ಕೊಲ್ಲುವುದು ಅಪರೂಪ. ಅದು ಕಸಿಯುವುದು ನಿದ್ದೆ, ಊಟ, ಮರಿಗೆ ಕೊಡುವ ಸಮಯ. ಬೆಳಗಿನ ಗುಂಪು ಹತ್ತು ನಿಮಿಷ, ಮಧ್ಯಾಹ್ನದ ಗುಂಪು ಹತ್ತು ನಿಮಿಷ, ಪಕ್ಕದ ಸಂಸ್ಥೆಯ ಎರಡು ಗುಂಪು. 'ನಾವು ಹತ್ತೇ ನಿಮಿಷ ಇದ್ದೆವು' ಅಂತ ಎಲ್ಲರೂ ನಿಜವನ್ನೇ ಹೇಳುತ್ತಾರೆ. ಲೆಕ್ಕ ಕೂಡಿಸುವುದು ಪ್ರಾಣಿ ಮಾತ್ರ.

ಎಷ್ಟು ದೂರ, ಯಾವ ಕಡೆಯಿಂದ

ಜಾಗದಿಂದ ಜಾಗಕ್ಕೆ ನಿಯಮ ಬೇರೆ. ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ದೋಣಿ ತಿಮಿಂಗಿಲದಿಂದ 100 ಮೀಟರ್, ಡಾಲ್ಫಿನ್‌ನಿಂದ 50 ಮೀಟರ್ ದೂರ ಇರಬೇಕು. ಮರಿ ಇದ್ದರೆ ಇನ್ನೂ ದೂರ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಓರ್ಕಾ ಎಂಬ ಕಪ್ಪು ಬಿಳುಪಿನ ದೊಡ್ಡ ಡಾಲ್ಫಿನ್‌ಗಳ ಅಳಿವಿನಂಚಿನ ಒಂದು ಬಳಗದಿಂದ 2025ರ ಜನವರಿಯಿಂದ 1000 ಗಜ ದೂರ ಇರಬೇಕು. ಅವು ಸದ್ದಿನ ಪ್ರತಿಧ್ವನಿಯಿಂದ ಮೀನು ಹುಡುಕುತ್ತವೆ, ದೋಣಿಯ ಗದ್ದಲ ಅದನ್ನು ಮುಚ್ಚಿಹಾಕುತ್ತದೆ ಅನ್ನುವುದು ಒಂದು ಮುಖ್ಯ ಕಾರಣ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ, ಬಹಳ ದೂರ ಹೋಗುತ್ತದೆ.

ಆದರೆ ಮೀಟರ್ ಲೆಕ್ಕಕ್ಕಿಂತ ಮುಖ್ಯವಾದದ್ದು ದಿಕ್ಕು. ಇಲ್ಲಿಗೆ ನನ್ನ ಮೊದಲ ಪ್ರಶ್ನೆ ಮತ್ತೆ ಬಂತು. ಪ್ರಾಣಿಗೆ ಹೊರಹೋಗುವ ದಾರಿ ಎಲ್ಲಿದೆ? ಎದುರಿನಿಂದ ಹೋದರೆ ಅದರ ದಾರಿ ಕಟ್ಟಿದಂತೆ. ಎರಡು ದೋಣಿ ಎರಡು ಕಡೆ ನಿಂತರೆ ಬೇಲಿ ಹಾಕಿದಂತೆ. ಪ್ರಾಣಿ ಮತ್ತು ದಡದ ನಡುವೆ ದೋಣಿ ತಂದರೂ, ಅದನ್ನು ದಡಕ್ಕೆ ಒತ್ತಿದರೂ ತಪ್ಪು. ನ್ಯೂಜಿಲೆಂಡ್‌ನ 1992ರ ನಿಯಮದಲ್ಲಿ ಇದಕ್ಕೆ ಸ್ಪಷ್ಟ ರೂಪ ಇದೆ. ಹಿಂದಿನಿಂದ, ಸ್ವಲ್ಪ ಪಕ್ಕದಿಂದ, ಸಮಾನಾಂತರವಾಗಿ ಹೋಗಬೇಕು. 300 ಮೀಟರ್ ಒಳಗೆ ಮೂರಕ್ಕಿಂತ ಜಾಸ್ತಿ ದೋಣಿ ಇರಬಾರದು. ಅಲ್ಲಿ ನೀರು ಕಲಕದಷ್ಟು ನಿಧಾನ ಹೋಗಬೇಕು.

ನೀರಿಗಿಳಿದು ನೋಡುವ ಪ್ರವಾಸಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಹವಳ ದಿಬ್ಬದ ವ್ಯವಸ್ಥೆ ನನಗೆ ಇಷ್ಟ. ಅಲ್ಲಿ ವೇಲ್ ಶಾರ್ಕ್ ಎಂಬ ದೈತ್ಯ ಮೀನಿನ ಸುತ್ತ 250 ಮೀಟರ್ ಒಳಗೆ ಒಂದು ಸಲಕ್ಕೆ ಒಂದೇ ದೋಣಿ, ನೀರಿನಲ್ಲಿ ಹತ್ತೇ ಮಂದಿ. ತಲೆ, ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ. ಮುಟ್ಟುವಂತಿಲ್ಲ, ಫ್ಲ್ಯಾಷ್ ಹೊಡೆಯುವಂತಿಲ್ಲ, ಎದುರು ದಾರಿ ಕಟ್ಟುವಂತಿಲ್ಲ. ಬಾಲಕ್ಕೆ ಒಂದು ಮೀಟರ್ ಜಾಸ್ತಿ ಯಾಕೆ ಅಂತ ಬಾಲದ ಒಂದು ಬೀಸು ನೋಡಿದವರಿಗೆ ಹೇಳಬೇಕಾಗಿಲ್ಲ. ಒಂದೇ ನಿಯಮ, ಎರಡೂ ಕಡೆಯವರಿಗೂ ರಕ್ಷಣೆ. ಹತ್ತು ಮಂದಿಯನ್ನು ಎಣಿಸಿ ಕಾಯುವುದೂ ನಲವತ್ತು ಮಂದಿಗಿಂತ ಸುಲಭ.

ಒಂದು ತಪ್ಪು ನಂಬಿಕೆ ಇದೆ. ಎಂಜಿನ್ ಇಲ್ಲದ ಕಯಾಕ್‌ನಿಂದ ಪ್ರಾಣಿಗಳಿಗೆ ತೊಂದರೆ ಇಲ್ಲ ಅಂತ. ಎಂಜಿನ್ ದೋಣಿ ದೂರದಿಂದಲೇ ಗೊತ್ತಾಗುತ್ತದೆ. ಕಯಾಕ್ ಸದ್ದಿಲ್ಲದೆ, ದಡ ಹಿಡಿದುಕೊಂಡು, ದೊಡ್ಡ ದೋಣಿ ಬರಲಾಗದ ಸಂದಿಗೂ ನುಗ್ಗಿ, ಮೂಲೆ ತಿರುಗಿ ದಿಢೀರನೆ ಎದುರಾಗುತ್ತದೆ. ಬೇಟೆಗಾರ ಪ್ರಾಣಿ ಬರುವುದೂ ಹಾಗೇ ಅಲ್ವಾ? ಹಾಗಾಗಿ ಮೂಲೆಗಳನ್ನು ಅಗಲವಾಗಿ ತಿರುಗಬೇಕು. ಮೆಲ್ಲಗೆ ಮಾತಾಡುತ್ತಾ ಹೋದರೂ ತಪ್ಪಿಲ್ಲ.

ಸೀಲ್ ತಲೆ ಎತ್ತಿ ನಿಮ್ಮ ಕಡೆ ನೋಡಿದರೆ ಅದು ಮೊದಲ ಸೂಚನೆ. ನಿಲ್ಲಿ. ನೀರಿನ ಕಡೆ ಸರಿಯಲು ಶುರು ಮಾಡಿದರೆ ನೀವು ಆಗಲೇ ತಡ ಮಾಡಿದ್ದೀರಿ. ಹಕ್ಕಿಗಳು ತಲೆ ಕುಣಿಸುವುದು, ಕೂಗುವುದು, ನಿಮ್ಮ ಮೇಲೆ ಎರಗುವುದು. ಡಾಲ್ಫಿನ್ ದಿಕ್ಕು ಬದಲಿಸುವುದು, ಜಾಸ್ತಿ ಹೊತ್ತು ನೀರೊಳಗೇ ಇರುವುದು, ಬಾಲದಿಂದ ನೀರಿಗೆ ಬಡಿಯುವುದು. ಕಡಲಾಮೆ ಉಸಿರಿಗಾಗಿ ಮೇಲೆ ಬರುತ್ತಿರುವಾಗ ಅದರ ಮೇಲೆ ನಾಲ್ಕು ಜನ ತೇಲುತ್ತಿದ್ದರೆ ಅದು ವಾಪಸ್ ಕೆಳಗೆ ಹೋಗುತ್ತದೆ, ಉಸಿರಿಲ್ಲದೆ. ಬಾಗಿಲಿಗೆ ಅಡ್ಡ ನಿಲ್ಲುವುದು ಅಂದರೆ ಇದೇ.

ಕಾಲಿನ ಕೆಳಗೂ ಜೀವ ಇದೆ. ಹವಳ ಕಲ್ಲಿನ ಹಾಗೆ ಕಂಡರೂ ಜೀವಂತ. ಗುಂಡು ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಅದರ ಮೇಲೆ ನಿಂತು ಮಾಸ್ಕ್ ಸರಿಮಾಡಿಕೊಳ್ಳುವವರು ಬಹುತೇಕ ಈಜಲು ಹೆದರಿದವರು. ಅವರನ್ನು ಬೈದು ಪ್ರಯೋಜನ ಇಲ್ಲ. ಮರಳ ತಳದಲ್ಲಿ ಮೊದಲು ಅಭ್ಯಾಸ ಮಾಡಿಸಿ, ಹಿಡಿದುಕೊಳ್ಳಲು ತೇಲುವ ಟ್ಯೂಬ್ ಕೊಟ್ಟರೆ ಹವಳವೂ ಉಳಿಯಿತು, ಆ ಮನುಷ್ಯರೂ ಉಳಿದರು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜುಡುಗೆ ಸಾಕು. ಪಲಾವು ದೇಶ 2020ರಲ್ಲಿ, ಹವಾಯಿ 2021ರಲ್ಲಿ ಹವಳಕ್ಕೆ ಹಾನಿ ಮಾಡುತ್ತವೆಂದು ಕೆಲವು ಸನ್‌ಸ್ಕ್ರೀನ್ ರಾಸಾಯನಿಕಗಳನ್ನು ತಡೆದವು. ತಿರುವಿ ನೋಡಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ. ಆಮೆ ಮೊಟ್ಟೆಯಿಡುವ ದಡದಲ್ಲಿ ರಾತ್ರಿ ದೀಪ ಬೇಡ, ಮರಿಗಳು ಬೆಳಕನ್ನೇ ಕಡಲು ಅಂದುಕೊಂಡು ದಾರಿ ತಪ್ಪುತ್ತವೆ.

ಇವತ್ತು ಬೇಡ ಅನ್ನುವವರು ಯಾರು?

ಇಷ್ಟೆಲ್ಲ ಗೊತ್ತಿದ್ದರೂ ಅನಾಹುತ ಆಗುತ್ತದೆ. ಕಾರಣ ತಿಳಿವಳಿಕೆಯ ಕೊರತೆಗಿಂತ ಜಾಸ್ತಿ ಒತ್ತಡ. ಗಿರಾಕಿ ದೂರದಿಂದ ಬಂದಿದ್ದಾರೆ, ದುಡ್ಡು ಕೊಟ್ಟಿದ್ದಾರೆ. ಗೈಡ್‌ಗೆ ಪ್ರವಾಸ ನಡೆದರೆ ಮಾತ್ರ ಸಂಬಳ. ಜಾಹೀರಾತಿನಲ್ಲಿ 'ಡಾಲ್ಫಿನ್ ಗ್ಯಾರಂಟಿ' ಅಂತ ಬರೆದಾಗಿದೆ. ಆಮೇಲೆ ದೋಣಿ ನಡೆಸುವವರು ಡಾಲ್ಫಿನ್ ಹಿಂದೆ ಬೀಳದೆ ಇನ್ನೇನು ಮಾಡುತ್ತಾರೆ?

ಹಾಗಾಗಿ ನಿರ್ಧಾರವನ್ನು ದಡದ ಮೇಲಿನ ಮೂಡಿಗೆ ಬಿಡಬಾರದು. ಗಾಳಿ ಇಷ್ಟು ದಾಟಿದರೆ, ಅಲೆ ಇಷ್ಟಾದರೆ, ಗುಡುಗು ಕೇಳಿಸಿದರೆ ಇಲ್ಲ ಅಂತ ಹಿಂದಿನ ದಿನವೇ ಬರೆದಿಡಬೇಕು. ರದ್ದಾದ ದಿನವೂ ಗೈಡ್‌ಗೆ ಸಂಬಳ, ಗಿರಾಕಿಗೆ ಹಣ ಅಥವಾ ಇನ್ನೊಂದು ದಿನ. ಗುಂಪಿನ ಅತಿ ಹೊಸ ಗೈಡ್ 'ಬೇಡ' ಅಂದರೂ ಪ್ರವಾಸ ನಿಲ್ಲಬೇಕು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ವಾಪಸ್, ತಡವಾದರೆ ಎಷ್ಟು ಗಂಟೆಗೆ ಯಾರಿಗೆ ಫೋನ್ ಅನ್ನುವುದು ದಡದಲ್ಲಿರುವ ಒಬ್ಬರ ಕೈಯಲ್ಲಿ ಬರೆದಿರಬೇಕು. ಲೈಮ್ ರೀಜಿಸ್‌ನ ಮಕ್ಕಳಿಗೆ ಇದೊಂದಿದ್ದರೂ ಗಂಟೆಗಳು ಉಳಿಯುತ್ತಿದ್ದವು. ಮೊಬೈಲ್ ಸಿಗ್ನಲ್ ಬಂಡೆಗಳ ಸಂದಿಯಲ್ಲಿ ಕೈಕೊಡುತ್ತದೆ. ದೋಣಿಗಳವರು ಮಾತಾಡಲು ಬಳಸುವ, ನೀರು ತಾಗಿದರೂ ಕೆಡದ ವಿಎಚ್‌ಎಫ್ ರೇಡಿಯೋ ಇರಲಿ. ತುರ್ತು ಕರೆಗೆ ಅದರ 16ನೇ ಚಾನೆಲ್ ಎಲ್ಲ ದೇಶಗಳಲ್ಲೂ ಒಂದೇ. 2014ರಲ್ಲಿ ಬಂದ ಐಎಸ್‌ಒ 21101 ಎಂಬ ಅಂತರರಾಷ್ಟ್ರೀಯ ಮಾನದಂಡ ಸಾಹಸ ಪ್ರವಾಸದ ಸುರಕ್ಷತಾ ವ್ಯವಸ್ಥೆ ಹೇಗಿರಬೇಕು ಅಂತಲೇ ಇದೆ. ಆದರೆ ಕಡತ ಕಪಾಟಿನಲ್ಲಿದ್ದರೆ ಏನೂ ಕೆಲಸಕ್ಕೆ ಬರುವುದಿಲ್ಲ. ಸ್ವಲ್ಪದರಲ್ಲಿ ತಪ್ಪಿದ ಅಪಾಯಗಳನ್ನು ದಿನಾ ಸಂಜೆ ಬರೆದಿಡುವ ತಂಡ ನನಗೆ ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ. ಆ ಪುಸ್ತಕದಲ್ಲೇ 'ಇವತ್ತು ಎಷ್ಟು ಸೀಲ್ ನೀರಿಗೆ ಬಿದ್ದವು' ಅಂತಲೂ ಒಂದು ಅಂಕಣ ಇರಲಿ.

ನಿಲ್ಲಿಸಿದರೆ ವ್ಯಾಪಾರ ಹಾಳು ಅನ್ನುವವರು ಥಾಯ್ಲೆಂಡಿನ ಮಾಯಾ ಬೇ ಕಡೆ ನೋಡಬೇಕು. ದಿನಕ್ಕೆ ಸಾವಿರಗಟ್ಟಲೆ ಜನ ಬಂದು ಹವಳ ಹಾಳಾದ ಮೇಲೆ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. 2022ರ ಜನವರಿಯಲ್ಲಿ ತೆರೆದಾಗ ನಿಯಮ ಬದಲಾಗಿತ್ತು. ದೋಣಿ ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ಜನರ ಸಂಖ್ಯೆಗೆ ಮಿತಿ. ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಆಳವಿಲ್ಲದ ನೀರಿಗೆ ವಾಪಸ್ ಬಂದವು. ಜನವೂ ವಾಪಸ್ ಬಂದರು.

ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಮನುಷ್ಯರ ದಾರಿ ಮತ್ತು ಪ್ರಾಣಿಗಳ ದಾರಿ ಒಂದೇ ಆದರೆ? ಕೋಸ್ಟೀರಿಂಗ್ ಮಾಡುವ ಕಡೆ ಇದು ಆಗುತ್ತಲೇ ಇರುತ್ತದೆ. ಅಲೆ ಎದ್ದಾಗ ಹತ್ತಿ ಕೂರಲು ಇರುವ ಒಂದೇ ಚಪ್ಪಟೆ ಬಂಡೆ, ಮರಿಗಾಲದಲ್ಲಿ ಸೀಲ್‌ಗಳಿಗೂ ಅದೇ ಬೇಕು. ಮೇಲೆ ಹತ್ತಿ ಪಾರಾಗುವ ಒಂದೇ ಸಂದಿಯಲ್ಲಿ ಹಕ್ಕಿಗಳು ಕಾವು ಕೂತಿವೆ. ಜೀವಕ್ಕೆ ಅಪಾಯ ಬಂದಾಗ ಯಾವ ಗೈಡೂ ಹಕ್ಕಿಗಳಿಗಾಗಿ ಜನರನ್ನು ನೀರಲ್ಲಿ ಬಿಡುವುದಿಲ್ಲ, ಬಿಡಲೂಬಾರದು. ಅದಕ್ಕೇ ಈ ತೀರ್ಮಾನ ನೀರಿನಲ್ಲಿ ಆಗುವಂಥದ್ದಲ್ಲ. ನಕ್ಷೆಯ ಮೇಲೆ ಪಾರಾಗುವ ಜಾಗಗಳನ್ನೆಲ್ಲ ಒಂದು ಬಣ್ಣದಲ್ಲಿ ಗುರುತಿಸಿ. ತಿಂಗಳಿಗೊಂದು ನಕ್ಷೆಯಂತೆ, ಯಾವ ಜಾಗ ಯಾವ ಪ್ರಾಣಿಗೆ ಬೇಕು ಅನ್ನುವುದನ್ನು ಇನ್ನೊಂದು ಬಣ್ಣದಲ್ಲಿ. ಎರಡು ಬಣ್ಣ ಒಂದರ ಮೇಲೊಂದು ಬಿದ್ದ ತಿಂಗಳು ಆ ದಾರಿ ಬಂದ್. ಬೇರೆ ಕೊಲ್ಲಿ ಹುಡುಕಿ, ಇಲ್ಲವೇ ಆ ತಿಂಗಳು ದಡದ ಮೇಲಿನಿಂದಲೇ ದುರ್ಬೀನು ಹಿಡಿದು ತೋರಿಸಿ.